ಬಾಗಿಲಿಗೆ ಬಂದ ಮಾತು

ಕೊಟ್ಟವನೇ ಕಿತ್ತುಕೊಂಡರೆ ಯಾರನ್ನು ಕೇಳುವುದು? ತಮ್ಮನ ಕೈಕಾಲು ಹೋಗಿ, ಮಾತೂ ಹೋದ ಮೇಲೆ ದೇವರು ಉಳಿಸಿದ್ದು ರೆಪ್ಪೆಗಳನ್ನು ಮಾತ್ರ. ರೆಪ್ಪೆ ಬಡಿದರೆ ಕ್ಯಾಮೆರಾದಲ್ಲಿ ಅದನ್ನು ಕಂಡು ಕಂಪ್ಯೂಟರ್ ಪರದೆಯ ಮೇಲೆ ಅಕ್ಷರ ಮೂಡಿಸುವ ಪ್ರೋಗ್ರಾಮೊಂದನ್ನು ಎಲ್ಲೆಲ್ಲೋ ಇರುವ ಹತ್ತಾರು ಮಂದಿ ಸೇರಿ ಪುಕ್ಕಟೆಯಾಗಿ ಬರೆದಿದ್ದರು. ಮಂಚದ ಪಕ್ಕದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅಕ್ಕ, ಪ್ರೋಗ್ರಾಮು ಮುನಿಸಿಕೊಂಡಾಗಲೆಲ್ಲ ಅದನ್ನು ಬರೆದವರನ್ನೇ ಕೇಳುತ್ತಿದ್ದಳು.

ತಮ್ಮನ ನಾಲಿಗೆಯ ಚುರುಕೆಲ್ಲ ರೆಪ್ಪೆಗೆ ಇಳಿದಿತ್ತು. ಅವಳು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತು ಎದ್ದರೆ ಪರದೆ ಹೇಳುತ್ತಿತ್ತು: "ದೇವರು ಎಲ್ಲೂ ಓಡಿಹೋಗಲ್ಲ ಕಣೇ. ಮೊದಲು ನನ್ನ ಮೂಗಿನ ಮೇಲಿನ ನೊಣ ಓಡಿಸು."

ಪ್ರೋಗ್ರಾಮು ಬರೆದ ಆ ಮಂದಿ ಕೂಡುತ್ತಿದ್ದುದು ಇಂಟರ್ನೆಟ್ಟಿನ ಒಂದು ನ್ಯೂಸ್‌ಗ್ರೂಪಿನಲ್ಲಿ. ಊರ ಕಟ್ಟೆ ಇದ್ದ ಹಾಗೆ: ಬೇಕಾದವರು ಹೋಗಿ ಓದಿ, ತಮ್ಮದೂ ಒಂದು ಮಾತು ಬರೆದು ಬರುವುದು. ಅದನ್ನು ಬಿಟ್ಟು ಮೇಲಿಂಗ್ ಲಿಸ್ಟ್ ಮಾಡೋಣ, ಯಾರು ಬರೆದರೂ ಎಲ್ಲರ ಇಮೇಲಿಗೇ ಬಂದು ಬೀಳಲಿ ಎಂದು ಗುಂಪಿನ ಹಿರೇತನ ಹೊತ್ತಿದ್ದ ಮೇಷ್ಟ್ರು ಮಾತೆತ್ತಿದರು. ಬೇಡವೆಂದವನು ಅಜ್ಜ. ರೆಪ್ಪೆಯ ಬಡಿತ ಗುರುತಿಸುವ ಭಾಗ ಅವನದೇ ಕೈಕೆಲಸ. ಅವನ ಹೆಸರು ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಅಜ್ಜ.

"ಕಟ್ಟೆಗಾದ್ರೆ ನಾನೇ ಬರ್ತೀನಿ, ಬೇಜಾರಾದ್ರೆ ಎದ್ದು ಹೋಗ್ತೀನಿ," ಎಂದು ಅಜ್ಜ ಬರೆದ. "ಊರ ಮಾತೆಲ್ಲ ನನ್ನ ಬಾಗಿಲಿಗೆ ಯಾಕ್ರಪ್ಪಾ?"

"ಅಜ್ಜಂಗೆ ಬಾಗಿಲು ತೆಗೆಯೋಕೂ ಸೋಮಾರಿತನ," ಎಂದು ಒಬ್ಬ ಕುಟುಕಿದ.

"ತೆಗೆದ್ರೆ ನಿನ್ನಂಥೋರು ಒಳಗೆ ಬರ್ತಾರಲ್ಲೋ!"

ಎರಡೂ ಕಡೆ ಸಮಸಮ ಜನ ನಿಂತರು. "ಬಳಸೋರು ನೀವು. ನೀವೇ ಹೇಳಿಬಿಡಿ ತಾಯಿ," ಎಂದು ಮೇಷ್ಟ್ರು ಅಕ್ಕನಿಗೆ ಬರೆದರು.

ಅಕ್ಕ ತಮ್ಮನನ್ನು ನೋಡಿದಳು, ತೋಳು ಕೂಡಿಸದ ಅಂಗಿಗಳ ರಾಶಿ ನೋಡಿದಳು. ಕಟ್ಟೆಗೆ ಹೋಗಿ ಕೂರಲು ಪುರುಸೊತ್ತೆಲ್ಲಿ? ಕೂತಲ್ಲಿಗೇ ಮಾತು ಬಂದರೆ ಅದೇ ಪುಣ್ಯ. "ಲಿಸ್ಟೇ ಆಗಲಿ," ಎಂದು ಬರೆದಳು.

"ಹಾಗೇ ಆಗಲಿ ಮಗಳೇ," ಎಂದ ಅಜ್ಜ. ಅದೇ ಅವನ ಕೊನೆಯ ಮಾತು. ಲಿಸ್ಟಿಗೆ ಅವನು ಸೇರಲಿಲ್ಲ. ಸ್ವಲ್ಪ ದಿನಕ್ಕೆ ನ್ಯೂಸ್‌ಗ್ರೂಪನ್ನೂ ಮುಚ್ಚಿದರು.

ಆಮೇಲೆ ಒಂದು ದಿನ ಹಳೆಯ ಕ್ಯಾಮೆರಾ ಕೆಟ್ಟಿತು. ಅಂಥದ್ದು ಈಗ ಅಂಗಡಿಗಳಲ್ಲಿಲ್ಲ. ಹೊಸದನ್ನು ಸಿಕ್ಕಿಸಿದರೆ, ತಮ್ಮನ ರೆಪ್ಪೆಯ ಬಡಿತವೇ ಪ್ರೋಗ್ರಾಮಿಗೆ ತಿಳಿಯಲಿಲ್ಲ.

ಅಕ್ಕ ಲಿಸ್ಟಿಗೆ ಬರೆದಳು. ಉತ್ತರಗಳೇನು ಕಡಿಮೆಯೇ! ಹೊಲಿಗೆ ಯಂತ್ರದ ಸದ್ದು ಮೀರಿ ಟಿಣ್ ಟಿಣ್ ಎಂದು ಬಂದವು. ಅಯ್ಯೋ ಪಾಪ ಎಂದವರೇ ಎಲ್ಲ. ಕೊನೆಗೆ ಮೇಷ್ಟ್ರು ಬರೆದರು: "ನಾವೂ ಕೈಹಾಕಿ ನೋಡಿದ್ವಿ ತಾಯಿ, ಇದ್ದದ್ದೂ ಕೆಡ್ತು. ಅದರ ಮರ್ಮ ಅಜ್ಜನಿಗೇ ಗೊತ್ತು."

ಅಜ್ಜನಿಗೆ ಬರೆದ ಮೇಲ್ ಹೋದ ದಾರಿಯಲ್ಲೇ ಮರಳಿತು. ಕಸದ ಮೇಲ್‌ಗಳ ಕಾಟ ಬೇಡವೆಂದು ಅವನು ಕಟ್ಟೆಯಲ್ಲಿ ಕೊಟ್ಟಿದ್ದದ್ದು ಸುಳ್ಳು ವಿಳಾಸ. ದಿನಾ ಸಿಗುವವನ ವಿಳಾಸವನ್ನು ಯಾರು ವಿಚಾರಿಸುತ್ತಾರೆ?

ಈಗ ಅಕ್ಕ ಹೊಲಿಗೆ ನಿಲ್ಲಿಸಿ, ಎದುರು ಕೂತು ಅ, ಆ, ಇ ಎಂದು ಹೇಳುತ್ತಾಳೆ. ಬೇಕಾದ ಅಕ್ಷರಕ್ಕೆ ಅವನು ರೆಪ್ಪೆ ಬಡಿಯಬೇಕು. ಒಂದು ಪದ ಕೂಡುವಷ್ಟರಲ್ಲಿ ಅವನ ಕಣ್ಣು ಸೋಲುತ್ತದೆ. ನಗೆಮಾತು ಅಷ್ಟು ಹೊತ್ತು ಕಾಯುವುದಿಲ್ಲ. ನೊಣವನ್ನು ಅವಳೇ ನೋಡಿ ಓಡಿಸುತ್ತಾಳೆ.

"ಅಜ್ಜ ಸಿಕ್ಕೇ ಸಿಗ್ತಾರೆ ಕಣೋ. ದೇವರಿದ್ದಾನೆ," ಎಂದಳು ಒಂದು ಸಂಜೆ.

ಹೌದೆಂದರೆ ಒಂದು ಬಡಿತ, ಇಲ್ಲವೆಂದರೆ ಎರಡು. ತಮ್ಮ ಅವಳನ್ನು ನೋಡಿದ. ಒಮ್ಮೆ ರೆಪ್ಪೆ ಬಡಿದ.

ಇನ್ನೊಂದು ಬಡಿತ ಬರುತ್ತದೋ ಎಂದು ಅವಳು ಕಾಯಲಿಲ್ಲ. ಎದ್ದು, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡಲು ಹೋದಳು.