ಕಸ್ಪಾರ್ ಮುಳುಗಿಸಿದ ಊರು

ಕಸ್ಪಾರನಿಗೆ ಗಂಡುಮಕ್ಕಳಿಲ್ಲ. ಇದ್ದದ್ದು ಮಗಳು ಸೆಲಿನ್, ಮೀನಿಗೆ ಹೋಗುವ ಒಂದು ಕಟ್ಟುಮರ, ಮತ್ತೆ ಕನ್ಯಾಕುಮಾರಿಯ ತೆಂಕಣಕ್ಕೆ ಕಡಲಡಿ ಅಡಗಿದ ಒಂದು ಬಂಡೆ. ಕಡಲಿಂದ ನೋಡಿದರೆ ಇಗರ್ಜಿಯ ಶಿಲುಬೆ ಎರಡು ಗುಡ್ಡಗಳ ನಡುವೆ ಕಾಣಬೇಕು, ಒಂಟಿ ತಾಳೆಮರ ಉಪ್ಪಿನ ಕೊಟ್ಟಿಗೆಗೆ ನೇರ ಬರಬೇಕು. ಅಲ್ಲಿ ಗಾಳ ಬಿಟ್ಟರೆ ಮುರು ಮೀನು ಬೇಕಾದಷ್ಟು. ಅಪ್ಪ ಸಾಯುವಾಗ ಕಿವಿಯಲ್ಲಿ ಹೇಳಿದ ಗುರುತು ಅದು. ಅಳಿಯನಾಗಲಿದ್ದ ಪಂಕ್ರಾಸನಿಗೆ ಕೊಡಲು ಅವನಲ್ಲಿ ಬೇರೆ ಆಸ್ತಿಯಿರಲಿಲ್ಲ. ಮದುವೆ ಮುಗಿಯುವ ಮೊದಲೇ ಯಾರಾದರೂ ಆ ಗುರುತು ಕದ್ದರೆ? ಕೂತಲ್ಲಿ ಕೂರಲಾಗದು, ಉಂಡದ್ದು ಮೈಗೆ ಹತ್ತದು. ಊರವರೇನು ಸಾಮಾನ್ಯರೇ, ಎರಡು ಕಟ್ಟುಮರಗಳು ದಿನಾ ಅವನ ಬೆನ್ನು ಹತ್ತಿದ್ದವು.

ಅಷ್ಟರಲ್ಲಿ ನಾಗರಕೋವಿಲಿನಿಂದ ತಮಿಳು ಮೇಷ್ಟ್ರು ತಿರುಮೇನಿ ವಾತ್ಯಾರರು ಬಂದು, ಚಹಾ ಅಂಗಡಿಯಲ್ಲಿ ಎಲ್ಲರೆದುರು ಕೇಳಿದರು: "ತೆಂಕಣಕ್ಕೆ ನಮ್ಮವರ ದೊಡ್ಡ ನಾಡಿತ್ತಂತೆ ಕಸ್ಪಾರ್, ಕಡಲು ನುಂಗಿತಂತೆ. ಹಳೇ ಹಾಡಲ್ಲಿದೆ. ನೀನೇನಾದ್ರೂ ಕಂಡಿದ್ದೀಯಾ?"

ಕಸ್ಪಾರನ ತಲೆ ಓಡಿತು.

"ಕಾಣದೆ ಏನು ವಾತ್ಯಾರೇ. ಕೆಳಗೆ ಬೀದಿ ಇದೆ, ಗೋಪುರ ಇದೆ. ಹಿರಿಯರು ಇನ್ನೂ ಅಲ್ಲೇ ಇದ್ದಾರೆ. ಅಲ್ಲಿ ಗಾಳ ಬಿಟ್ಟೋನ ಮನೆ ಉದ್ಧಾರ ಆಗಲ್ಲ. ನಾನಂತೂ ಬಳಸ್ಕೊಂಡು ಮೂಡಲಿಗೆ ಹೋಗ್ತೀನಿ."

ವಾತ್ಯಾರರು ಬರೆದುಕೊಂಡರು, ಪತ್ರಿಕೆಯಲ್ಲಿ ಅಚ್ಚಾಯಿತು. ಶಾಲೆಯ ಮಕ್ಕಳು ಆ ನಾಡಿನ ನಕ್ಷೆ ಬಿಡಿಸಿದರು. ಮುದುಕಿಯರಿಗೆ ಚಿಕ್ಕಂದಿನಲ್ಲಿ ನೀರೊಳಗೆ ಗಂಟೆ ಕೇಳಿದ್ದು ನೆನಪಾಯಿತು. ಬೆನ್ನು ಹತ್ತಿದವರು ಬೇರೆ ದಿಕ್ಕು ಹಿಡಿದರು. ಕಸ್ಪಾರ್ ಮೀಸೆಯಡಿ ನಕ್ಕ, ಮದುವೆಯ ದಿನ ಎಣಿಸಿದ.

ಮದುವೆಯಾದ ವಾರಕ್ಕೆ, ಬೆಳಕು ಹರಿಯುತ್ತಲೇ ಅಳಿಯನನ್ನು ಕರೆದೊಯ್ದು ಗುರುತು ತೋರಿಸಿದ. "ಇಲ್ಲೇ. ಇನ್ನು ಇದು ನಿಂದು."

ಪಂಕ್ರಾಸ್ ಗಾಳದ ದಾರ ಮುಟ್ಟಲಿಲ್ಲ. "ಇದು ಆ ಊರಲ್ವಾ ಮಾವ?"

"ಯಾವ ಊರಪ್ಪಾ. ಬರೀ ಬಂಡೆ. ಕಥೆ ಕಟ್ಟಿದ್ದು ನಾನು."

"ನಮ್ಮಜ್ಜಿ ಗಂಟೆ ಕೇಳಿದ್ದಾಳೆ."

"ನಿಮ್ಮಜ್ಜಿಗೆ ಕೇಳಿಸಿದ್ದು ಹೋದ ವರ್ಷ, ಪತ್ರಿಕೆ ಬಂದ್ಮೇಲೆ."

ಪಂಕ್ರಾಸ್ ನಕ್ಕ. "ನನ್ನ ಪರೀಕ್ಷೆ ಮಾಡ್ತಿದ್ದೀರಿ, ಗೊತ್ತು. ಹಿರಿಯರ ತಲೆ ಮೇಲೆ ಗಾಳ ಬಿಡೋನಲ್ಲ ನಾನು."

ಕಸ್ಪಾರ್ ತಾನೇ ದಾರ ಬಿಟ್ಟ, ಮೊಳದುದ್ದದ ಮುರು ಮೀನೆಳೆದು ಅಳಿಯನ ಕಾಲಬಳಿ ಕೆಡವಿದ. "ನಮ್ಮಪ್ಪನಾಣೆ, ಸುಳ್ಳು ಹೇಳಿದ್ದೆ ಕಣೋ. ನನ್ನ ಮಗಳಿಗೆ ಕೊಡೋಕೆ ಇದು ಬಿಟ್ರೆ ನನ್ನ ಹತ್ರ ಏನೂ ಇಲ್ಲ."



ಪಂಕ್ರಾಸ್ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ನೀರಿಗೆ ಬಿಟ್ಟ. ಬಾಗಿ, ಕೆಳಗಿನವರಿಗೆ ಕೈಮುಗಿದ.

"ನಮ್ಮ ಮಾವನಿಗೆ ವಯಸ್ಸಾಯ್ತು," ಅಂದ, "ಮನಸ್ಸಿಗೆ ಹಚ್ಕೋಬೇಡಿ."

ಮತ್ತೆ ಹುಟ್ಟು ಹಿಡಿದು ಕಟ್ಟುಮರವನ್ನು ದಡದ ಕಡೆ ತಿರುಗಿಸಿದ.