ಇಬ್ಬರಿಗೂ ಒಂದೇ ತಾರೀಕು

ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯ ಕತ್ತರಿಸುವ ಮಷೀನು ನನ್ನ ತಂಗಿಯ ಬಲಗೈಯ ಎರಡು ಬೆರಳು ತಿಂದಿತು. ಅವಳಿಗೆ ಹದಿನಾರು. ಹದಿನೆಂಟು ತುಂಬದವರನ್ನು ಮಷೀನಿನ ಮುಂದೆ ನಿಲ್ಲಿಸಿದರೆ ಮಾಲೀಕನಿಗೆ ಜೈಲು, ಮಗುವಿನ ಚಿಕಿತ್ಸೆ, ಓದು ಎಲ್ಲ ಅವನ ತಲೆಗೇ ಎಂದು ಹೋದ ವರ್ಷ ಕಾನೂನು ಬಿಗಿ ಮಾಡಿದ್ದಾರೆ. ಮಕ್ಕಳ ಪರ ವಾದಿಸುವ ವಕೀಲಮ್ಮ ಆಸ್ಪತ್ರೆಗೇ ಬಂದು ಇದನ್ನು ಹೇಳಿದಾಗ ಆ ಮಾಲೀಕನ ಕೈಗೆ ಬೇಡಿ ಬೀಳುವುದು ನನ್ನ ಕಣ್ಣಿಗೆ ಕಟ್ಟಿತು. ವಯಸ್ಸಿಗೊಂದು ದಾಖಲೆ ತಂದರೆ ಸಾಕು ಎಂದರು.

ತಂಗಿ ಹುಟ್ಟಿದ್ದು ಮನೆಯಲ್ಲಿ. ಅದನ್ನು ಯಾರೂ ಎಲ್ಲಿಯೂ ಬರೆಸಿರಲಿಲ್ಲ. ಇದ್ದದ್ದು ಸ್ಕೂಲಿನ ಕಾಗದ ಒಂದೇ.

ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಿದ್ದ ಅಮ್ಮ, ನನ್ನನ್ನು ಸ್ಕೂಲಿಗೆ ಸೇರಿಸಿದ ದಿನ ಅವಳನ್ನೂ ಎಳೆದುಕೊಂಡು ಬಂದಿದ್ದಳು. ನನಗೆ ಆರು, ಅವಳಿಗೆ ನಾಲ್ಕು. ಆರಾಗದವರನ್ನು ಸೇರಿಸಿಕೊಳ್ಳುವುದಿಲ್ಲ, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲ. ಅಮ್ಮ ಅವಳಿ ಮಕ್ಕಳು ಎಂದುಬಿಟ್ಟಳು. ಹುಡುಗಿ ಯಾಕಿಷ್ಟು ಗಿಡ್ಡ ಎಂದದ್ದಕ್ಕೆ, "ಇವ್ನು ಹೊಟ್ಟೇಲೇ ಅವಳ ಪಾಲೂ ತಿಂದ್ಬಿಟ್ಟ ಸ್ವಾಮಿ" ಎಂದಳಂತೆ. ಮೇಷ್ಟ್ರು ನಕ್ಕು ಇಬ್ಬರಿಗೂ ಒಂದೇ ತಾರೀಕು ಬರೆದರು.

ಏಳು ವರ್ಷ ಅವಳು ನನ್ನ ಬೆಂಚಿಗೇ ಅಂಟಿಕೊಂಡು ಕೂತಳು. ಕ್ಲಾಸೆಲ್ಲ ಬಾಲ ಎಂದು ಕರೆಯುತ್ತಿತ್ತು. ಲೆಕ್ಕದ ಮೇಷ್ಟ್ರ ಮೇಲಿನ ಸಿಟ್ಟಿಗೆ ನಾನು ಸ್ಕೂಲು ಬಿಟ್ಟ ದಿನ ಬಾಲವೂ ಚೀಲ ಹೆಗಲಿಗೇರಿಸಿ ಹಿಂದೆ ಬಂತು. ಹೋಗೇ ಒಳಗೆ ಎಂದು ಒಂದು ಮಾತು ಗದರಲಿಲ್ಲ ನಾನು.

ಕಾರ್ಮಿಕ ಇಲಾಖೆಯ ವಿಚಾರಣೆಯಲ್ಲಿ ಮಾಲೀಕನ ಕಡೆಯವರು ಅದೇ ಕಾಗದವನ್ನು ಮೇಜಿನ ಮೇಲಿಟ್ಟರು. ನನಗೆ ಹದಿನೆಂಟು ತುಂಬಿ ಐದು ತಿಂಗಳಾಗಿತ್ತು, ಕಾಗದದಲ್ಲಿ ಅವಳಿಗೂ ಅಷ್ಟೇ. ಅಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡಳು.

"ಸುಳ್ಳು ಹೇಳಿದ್ದು ಆವಾಗಲೋ, ಈಗಲೋ ತಾಯಿ?" ಎಂದರು ಅಧಿಕಾರಿ. ಕೆಟ್ಟವರಲ್ಲ, ಮೆತ್ತಗೇ ಕೇಳಿದರು.

ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಎಲುಬಿನಿಂದ ವಯಸ್ಸು ನೋಡಿ ಎಂದು ವಕೀಲಮ್ಮ ಬೇಡಿದರು. ಸ್ಕೂಲಿನ ಕಾಗದ ಇರುವಾಗ ಎಲುಬು ನೋಡುವ ಹಾಗಿಲ್ಲವಂತೆ, ಕಾಗದದ ವಯಸ್ಸೇ ಖಾಯಂ. ಎಲುಬಿನ ಅಂದಾಜಿನಲ್ಲಿ ಎರಡು ವರ್ಷ ಆಚೀಚೆ ಆಗುತ್ತದೆ, ಅದನ್ನೇ ಹಿಡಿದು ಮಾಲೀಕರು ಮಕ್ಕಳನ್ನು ದೊಡ್ಡವರು ಮಾಡಿಬಿಡುತ್ತಾರೆ ಎಂದು ಹೋರಾಡಿ ತಂದ ನಿಯಮ ಅದು. ಹೋರಾಡಿದವರಲ್ಲಿ ಈ ವಕೀಲಮ್ಮನೂ ಒಬ್ಬರು.

ಹೊರಗೆ ಕಾರಿಡಾರಿನಲ್ಲಿ ಕಾರ್ಖಾನೆಯ ಸೂಪರ್‌ವೈಸರ್ ಒಂದು ಹಾಳೆ ಹಿಡಿದು ನಿಂತಿದ್ದ. ತಪ್ಪು ತನ್ನದೇ ಎಂದು ಅವಳು ಸಹಿ ಹಾಕಿದರೆ, ಜಜ್ಜಿಹೋಗಿದ್ದ ಮೂರನೇ ಬೆರಳಿನ ಆಪರೇಷನ್ನು ಕಾರ್ಖಾನೆಯೇ ಮಾಡಿಸುತ್ತದೆ. ಆ ಬೆರಳು ಕಪ್ಪಾಗುತ್ತಿತ್ತು. ಡಾಕ್ಟರು ಮೂರು ದಿನದ ಗಡುವು ಕೊಟ್ಟಿದ್ದರು. ಅವನ ಕಾಲರಿಗೆ ಹೋದ ನನ್ನ ಕೈಯನ್ನು ಅಮ್ಮ ಹಿಡಿದು ಇಳಿಸಿದಳು. ಕಾಗದದಲ್ಲಿ ಚಿಕ್ಕವಳಾಗಿದ್ದರೆ ಆ ಸಹಿ ಕಾನೂನಿನ ಮುಂದೆ ನಿಲ್ಲುತ್ತಿರಲಿಲ್ಲ. ಈಗ ದೊಡ್ಡವಳಲ್ಲವೆ, ನಿಲ್ಲುತ್ತದೆ.

ನಾನು ವಕೀಲಮ್ಮನ ಮುಖ ನೋಡಿದೆ.

"ಬೇಡ ಅನ್ನೋಕೆ ನನ್ನ ಹತ್ರ ಏನೂ ಉಳಿದಿಲ್ಲಪ್ಪ," ಎಂದರು.

ತಂಗಿ ಎಡಗೈಯಲ್ಲಿ ಪೆನ್ನು ಹಿಡಿದಳು. ಹಾಳೆ ಜಾರದಂತೆ ನಾನು ಬೆಂಚಿಗೆ ಒತ್ತಿಕೊಂಡೆ.

"ಅಣ್ಣಾ, ಹುಟ್ಟಿದ ತಾರೀಕು ಕೇಳಿದಾರೆ. ಯಾವ್ದು ಹಾಕ್ಲಿ?"

ನನ್ನದನ್ನೇ ಹೇಳಿದೆ. ಅವಳ ಎಡಗೈಗೆ ಇನ್ನೂ ಅಂಕಿ ಒಲಿದಿರಲಿಲ್ಲ, ಒಂದೊಂದಾಗಿ ಹೇಳಬೇಕಾಯಿತು.