ಮುನ್ನೂರಡಿ ಕಂದಕ

ಜೆಸಿಬಿ ಬಂದಾಗ ಕೆಂಚನ ಹೆಣಕ್ಕೆ ಇನ್ನೂ ನೀರು ಹಾಕುತ್ತಿದ್ದರು. ಆಳುಗಳ ಲೈನುಮನೆಗಳ ಮುಂದೆ ಹಲಗೆಯ ಮೇಲೆ ಮಲಗಿಸಿ, ಸುತ್ತ ಎರಡು ಸೀರೆ ಅಡ್ಡ ಕಟ್ಟಿದ್ದರು. ಮಗಳು ಲಿಂಗಿ ತಲೆಯ ಕಡೆ ನಿಂತು ಚೊಂಬು ಬಗ್ಗಿಸುತ್ತಿದ್ದಳು. ಹಳದಿ ಯಂತ್ರ ಸುಂಟಿಕೊಪ್ಪದ ರಸ್ತೆಯಿಂದ ತಿರುಗಿ, ಕಲ್ಯಾಣ ಎಸ್ಟೇಟಿನ ಗೇಟು ದಾಟಿ, ಆ ಹನ್ನೆರಡು ಮನೆಗಳ ಎದುರು ಬಂದು ನಿಂತಿತು.

"ನೋಡ್ರೇ, ಸಾವ್ಕಾರ್ರು ಗುಂಡಿ ತೋಡಕ್ಕೆ ಮಿಷನ್ನೇ ಕಳ್ಸಿದಾರೆ," ಎಂದಳು ಬೊಳ್ಳಮ್ಮ.

ಲೈನಿಗೆ ಹಿರಿಯಳು ಅವಳು. ಎಪ್ಪತ್ತು ವರ್ಷಗಳಲ್ಲಿ ಎಸ್ಟೇಟಿನಿಂದ ಬಂದ ಒಳ್ಳೆಯದನ್ನೆಲ್ಲ ಬೆರಳಲ್ಲಿ ಎಣಿಸಿ, ಇನ್ನೂ ಬೆರಳು ಉಳಿಸಿಕೊಂಡವಳು. ಹಾಗಾಗಿ ಬಂದದ್ದನ್ನು ಕಡೆಗಣಿಸುವ ಹಾಗಿರಲಿಲ್ಲ. ಒಂದು ಲೋಟ ಬೆಲ್ಲದ ಕಾಫಿ ಹಿಡಿದು ಆಪರೇಟರ್ ಅನಿಲ್‌ಕುಮಾರನ ಬಳಿ ಹೋದಳು.

"ಎಲ್ಲಿ ತೋಡ್ಬೇಕು ಅಂತ ಗೊತ್ತಾ ಮಗ? ಮೇಲಿನ ಮೂಲೇಲಿ, ಅತ್ತಿ ಮರದ ಕೆಳಗೆ. ಅವನ ಹೆಂಡ್ತಿ ಮಾರೀನೂ ಅಲ್ಲೇ ಇದಾಳೆ."

"ಅದೆಲ್ಲ ನಂಗೊತ್ತಿಲ್ಲಮ್ಮ. ಆ ನೀರಿನ ತೋಡಿನಿಂದ ಹಿಡಿದು ಈ ಬಂಡೆ ತನಕ ಮುನ್ನೂರು ಅಡಿ ಅಂದಿದಾರೆ."

ಬೊಳ್ಳಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಅಷ್ಟು ಜನ ಸತ್ತಿಲ್ವಲ್ಲಪ್ಪ," ಎಂದಳು.

ವಿಷಯ ತಿಳಿಸಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಾಗರಾಜು ಬೈಕಿನಲ್ಲಿ ಬಂದ. ಕೆಟ್ಟ ಸುದ್ದಿಗಳನ್ನೆಲ್ಲ ತರುವ ಕೆಲಸ ಅವನದು. ಒಳ್ಳೆಯ ಸುದ್ದಿಗೆ ಧಣಿಗಳೇ ಬರುತ್ತಿದ್ದರು.

"ಇದು ಆನೆ ಕಂದಕ," ಎಂದ.

"ಆನೆ ಬರೋದು ಮೇಲಿನ ಕಾಡಿಂದ. ಕೆಳಗಡೆ ಯಾಕೆ ಕಂದಕ?" ಲಿಂಗಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೇಳಿದಳು. "ಈ ಕಡೆ ಇರೋದು ನಾವು."

"ನೋಡು ಲಿಂಗಿ, ಸಾರ್ ಹೇಳಿದ್ದನ್ನ ಹೇಳ್ತೀನಿ, ನನ್ಮೇಲೆ ಬೇಜಾರು ಮಾಡ್ಕೋಬೇಡ. ಇನ್ಮೇಲೆ ಎಸ್ಟೇಟ್ ಒಳಗೆ ಹೂಳಂಗಿಲ್ಲ. ಪಂಚಾಯ್ತಿ ಸ್ಮಶಾನ ಇದೆ. ಪಿಕಪ್ ಕಳ್ಸ್ತಾರೆ. ಹೂವು, ಊದುಬತ್ತಿ ಎಲ್ಲ ಎಸ್ಟೇಟಿಂದೇ."

"ನಮ್ಮವ್ವ ಪಂಚಾಯ್ತಿ ಸ್ಮಶಾನದಲ್ಲಿ ಇದಾಳಾ?"

ನಾಗರಾಜು ಮೊಬೈಲ್ ತೆಗೆದು ನೋಡಿಕೊಂಡ.

ಕಾರಣ ಎಲ್ಲರಿಗೂ ಗೊತ್ತಿತ್ತು. ಲಾಯರ್ ಅಶ್ವಥ್‌ನ ಹೋರಾಟ ಸಮಿತಿ ಹೋದ ವರ್ಷ ಒಂದು ಅರ್ಜಿ ಹಾಕಿತ್ತು: ಈ ಲೈನಿನ ಜನ ತಲೆಮಾರುಗಳಿಂದ ಇಲ್ಲಿ ಜೀತಕ್ಕಿದ್ದಾರೆ, ಅವರಿಗೆ ಮನೆಯ ಜಾಗವಾದರೂ ಸಿಗಬೇಕು. ಸಾಕ್ಷಿಯೆಂದು ಮೇಲಿನ ಮೂಲೆಯ ಇಪ್ಪತ್ತೇಳು ಗೋರಿಗಳ ಫೋಟೋ ಲಗತ್ತಿಸಿತ್ತು. ಮಾಲೀಕ ಕೀರ್ತಿಕುಮಾರನಿಗೆ ಮಡಿಕೇರಿಯ ವಕೀಲರು ಹೇಳಿ ಕಳಿಸಿದ್ದು ಒಂದೇ ಮಾತು. ಇಪ್ಪತ್ತೆಂಟು ಆಗಬಾರದು.

* * *

ಹನ್ನೆರಡು ವರ್ಷದ ಹಿಂದೆ ಶಾಲೆಯ ಅಂಗಳದಲ್ಲಿ ಮೇಜು ಹಾಕಿ ಜೀತದ ಸರ್ವೆ ಮಾಡಿದ್ದರು. ಅಧಿಕಾರಿಯ ಪಕ್ಕದ ಕುರ್ಚಿಯಲ್ಲಿ ಕೀರ್ತಿಯ ಅಪ್ಪ ಜಯಪ್ಪನವರು ಕುಳಿತಿದ್ದರು; ಊರಿನಲ್ಲಿ ಯಾವ ಅಧಿಕಾರಿ ಬಂದರೂ ಪಕ್ಕದ ಕುರ್ಚಿ ಅವರದೇ. ಲೈನಿನವರು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಕೆಂಚನ ಸರದಿ ಬಂತು.

"ನೀನು ಜೀತದಾಳೇನಪ್ಪ?"

ಕೆಂಚ ಯೋಚಿಸಿದ. ತಪ್ಪು ಹೇಳಿ ಯಾರಿಗೂ ತೊಂದರೆ ಕೊಡುವುದು ಅವನಿಗೆ ಇಷ್ಟವಿರಲಿಲ್ಲ. "ಅದನ್ನ ಸಾವ್ಕಾರ್ರನ್ನೇ ಕೇಳ್ಬೇಕು ಸ್ವಾಮಿ," ಎಂದ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಜಯಪ್ಪನವರು ನಕ್ಕರು. ಅಧಿಕಾರಿ "ಅಲ್ಲ" ಎಂದು ಬರೆದುಕೊಂಡ. ಆಗಷ್ಟೇ ಕರಿಕೋಟು ಹೊಲಿಸಿದ್ದ ಅಶ್ವಥ್ ಎದ್ದು ನಿಂತು, ಈ ಉತ್ತರದ ಅರ್ಥವೇ "ಹೌದು" ಎಂದು ವಾದಿಸಿದ.

ಅಲ್ಲಿಂದ ಊರು ಎರಡಾಗಿ ಸೀಳಿಹೋಯಿತು. ಇಷ್ಟು ಮುಗ್ಧ ಮನುಷ್ಯ ಜೀತದವನು ಹೇಗಾದಾನು, ಅವನು ಮನೆಯ ಮಗನಿದ್ದ ಹಾಗೆ ಎಂದು ಒಂದು ಕಡೆ. ತಾನು ಯಾರೆಂದು ಯಜಮಾನನನ್ನು ಕೇಳಬೇಕೆನ್ನುವವನಿಗಿಂತ ಜೀತದವನು ಬೇಕೇ ಎಂದು ಇನ್ನೊಂದು ಕಡೆ. "ನಮ್ಮ ವ್ಯಾಪ್ತಿಯಲ್ಲಿ ಜೀತ ಪದ್ಧತಿ ಇರುವುದಿಲ್ಲ" ಎಂಬ ನಿರ್ಣಯ ಪಂಚಾಯ್ತಿಯಲ್ಲಿ ಒಂದು ಮತದಿಂದ ಪಾಸಾಯಿತು. ಆ ಸಭೆಯಲ್ಲಿ ಮುರಿದ ಕುರ್ಚಿಗಳು ಮಾತ್ರ ಆರು. ಒಬ್ಬನೇ ಇದ್ದ ಗಣಪತಿ ಇಬ್ಬರಾಗಿ, ಒಂದೇ ಹೊಳೆಯಲ್ಲಿ ಬೇರೆ ಬೇರೆ ದಿನ ಮುಳುಗತೊಡಗಿದ. ನಿಶ್ಚಯವಾಗಿದ್ದ ಎರಡು ಮದುವೆಗಳು ನಿಂತವು. ಹೋದ ವರ್ಷ ಒಣಹಾಕಿದ್ದ ಒಬ್ಬರ ಕಾಫಿಗೆ ಯಾರೋ ನೀರು ಬಿಟ್ಟರು. ವಾರದೊಳಗೆ ಇನ್ನೊಬ್ಬರ ಬೈಕು ಸುಟ್ಟುಹೋಯಿತು. ಎರಡೂ ಕಡೆಯವರು ಭಾಷಣದಲ್ಲಿ ಕೆಂಚನ ಮಾತನ್ನು ಉದ್ಧರಿಸುತ್ತಿದ್ದರು.

ಕೆಂಚನನ್ನು ಮಾತ್ರ ಮತ್ತೆ ಯಾರೂ ಏನೂ ಕೇಳಲಿಲ್ಲ. ಅವನು ಈ ಹನ್ನೆರಡು ವರ್ಷವೂ ಬೆಳಿಗ್ಗೆ ಏಳಕ್ಕೆ ಕತ್ತಿ ಹಿಡಿದು ತೋಟಕ್ಕೆ ಹೋದ.

* * *

ಹನ್ನೊಂದರ ಹೊತ್ತಿಗೆ ಎರಡೂ ಕಡೆಯವರು ಸೇರಿದರು. ಕೀರ್ತಿಕುಮಾರನ ಕಡೆಯ ಕಾಫಿ ಬೆಳೆಗಾರರು ಐದು ಜೀಪಿನಲ್ಲಿ ಲೈನಿನ ಮುಂದೆಯೇ ಹಾದು ಮೇಲಿನ ಬಂಗಲೆಗೆ ಹೋದರು. ಮೂರು ಜೀಪಿನಲ್ಲಿ ಕೋವಿ ಇತ್ತು, ಬೆಳೆ ರಕ್ಷಣೆಗೆ. ಅವರು ಹೋದ ಮೇಲೆ, ಜೆಸಿಬಿ ಕೊನೆಯದಾಗಿ ಮಣ್ಣಿನ ದಾರಿಯನ್ನೂ ಅಡ್ಡಕ್ಕೆ ಕೊಯ್ದು, ಮಣ್ಣನ್ನು ಲೈನಿನ ಕಡೆಗೆ ಗೋಡೆಯಂತೆ ಒಟ್ಟಿತು.

"ಸಾರ್, ನಮಗೇ ದಾರಿ ಇಲ್ಲದ ಹಾಗಾಯ್ತು," ಎಂದು ನಾಗರಾಜು ಫೋನಿನಲ್ಲಿ ಮೆಲ್ಲಗೆ ಹೇಳಿದ.

"ಕಬ್ಬಿಣದ ಹಲಗೆ ಹಾಕ್ಕೊಂಡ್ರಾಯ್ತು ನಾಳೆ. ಮೊದಲು ಇದು ಮುಗೀಲಿ," ಎಂದ ಕೀರ್ತಿಕುಮಾರ್.

ಅಶ್ವಥ್ ಮೂವತ್ತು ಜನ, ಬಾವುಟ ಮತ್ತು ಒಂದು ಐಸ್ ಪೆಟ್ಟಿಗೆಯೊಂದಿಗೆ ಬಂದ. ಹೆಣಕ್ಕೆ ಹಾರ ಹಾಕಿ, ಫೋಟೋ ತೆಗೆಯುವವನು ತಡವಾಗಿ ಬಂದನೆಂದು ಇನ್ನೊಮ್ಮೆ ಹಾಕಿದ.

"ಲಿಂಗಮ್ಮ, ಧೈರ್ಯ ತಗೋ. ಕೆಂಚಣ್ಣ ನಿನ್ನೊಬ್ಬಳ ಅಪ್ಪ ಅಲ್ಲ ಈಗ. ಹೆಣ ಮೇನ್ ರೋಡಿಗೆ ತಗೊಂಡು ಹೋಗಿ ಕೂರೋಣ. ಜಿಲ್ಲಾಧಿಕಾರಿ ಬರೋ ತನಕ ಎತ್ತೋದು ಬೇಡ. ಎರಡು ದಿನ ಆಗ್ಬಹುದು, ಮೂರಾಗ್ಬಹುದು. ಐಸ್ ತಂದಿದೀನಿ."

"ಬ್ಯಾಡ ಅಣ್ಣ. ಇವತ್ತೇ ಅವ್ವನ ಹತ್ರ ಹಾಕ್ಬೇಕು."

"ನಿಂಗರ್ಥ ಆಗ್ತಿಲ್ಲ. ಇದು ಇಡೀ ಜಿಲ್ಲೆಯ ಪ್ರಶ್ನೆ."

"ನಿಮ್ಮ ಶುಂಠಿ ಗದ್ದೇಲಿ ಹೋದ ವರ್ಷ ಕೆಲ್ಸ ಮಾಡ್ದೆ," ಎಂದಳು ಲಿಂಗಿ, ಯಾವ ಏರಿಳಿತವೂ ಇಲ್ಲದೆ. "ಜ್ವರ ಅಂತ ಒಂದಿನ ರಜ ಕೇಳಿದ್ರೆ ನಿಮ್ಮಮ್ಮ ಕೊಡ್ಲಿಲ್ಲ. ಈಗ ಹೆಣಕ್ಕೆ ಮೂರು ದಿನ ಕೊಡ್ತೀರಾ?"

ಬೊಳ್ಳಮ್ಮ ಕೆಮ್ಮಿದಳು. ಅವಳಿಗೆ ಕೆಮ್ಮು ಇರಲಿಲ್ಲ.

* * *

ಮದುವೆಯಾದ ವರ್ಷ ಕೆಂಚ ಒಮ್ಮೆ ಎಸ್ಟೇಟು ಬಿಟ್ಟು ಹೋಗಿದ್ದ. ಬಸುರಿ ಮಾರಿಯನ್ನು ಕರೆದುಕೊಂಡು, ಎರಡು ಬಸ್ಸು ಬದಲಿಸಿ, ಬಾಳೆಲೆ ಎಂಬ ಊರಿನ ತೋಟವೊಂದರಲ್ಲಿ ಕೆಲಸಕ್ಕೆ ಸೇರಿದ. ಎಂಟನೆಯ ದಿನ ಜಯಪ್ಪನವರ ಜೀಪು ಅಲ್ಲಿಗೆ ಬಂತು. ಇಬ್ಬರು ಯಜಮಾನರೂ ಜಗುಲಿಯಲ್ಲಿ ಕಾಫಿ ಕುಡಿದು, ಒಂದು ಗಂಟೆ ಮೆಣಸಿನ ಧಾರಣೆ ಮಾತಾಡಿದರು.

"ನಿಮ್ಮ ಆಳು ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ನಾನೇ ಕಳ್ಸ್ತಿದ್ದೆ," ಎಂದರು ಬಾಳೆಲೆಯವರು.

"ಇರ್ಲಿ ಬಿಡಿ," ಎಂದರು ಜಯಪ್ಪನವರು.

ಯಾರೂ ಕರೆಯುವ ಮೊದಲೇ ಕೆಂಚ, ಮಾರಿ ಜೀಪಿನ ಹಿಂದೆ ಹತ್ತಿ ಕುಳಿತಿದ್ದರು. ದಾರಿಯುದ್ದಕ್ಕೂ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಗೋಣಿಕೊಪ್ಪದಲ್ಲಿ ನಿಲ್ಲಿಸಿ ಜಯಪ್ಪನವರು ಇಬ್ಬರಿಗೂ ಒಂದೊಂದು ಬನ್ನು ಕೊಡಿಸಿದರು. ಮುಂದೆ ಬದುಕಿರುವ ತನಕ ಈ ಕತೆಯನ್ನು ನೆಂಟರಿಗೆಲ್ಲ ಹೇಳುತ್ತಿದ್ದರು: "ಬಾಳೆಲೆ ತನಕ ಹೋಗಿ ಕರ್ಕೊಂಡು ಬಂದೆ ಕಣ್ರಿ. ಸ್ವಂತ ತಮ್ಮನಾದ್ರೆ ಹೋಗ್ತಿರ್ಲಿಲ್ಲ." ಕೆಂಚ ಅದನ್ನು ಲಿಂಗಿಗೆ ಒಂದೇ ಒಂದು ಸಲ ಹೇಳಿದ್ದ. ಬನ್ನು ಅರ್ಧ ತಿಂದು, ಇನ್ನರ್ಧವನ್ನು ತಿನ್ನಲಾಗದೆ ಊರು ಬರುವ ತನಕ ಕೈಯಲ್ಲೇ ಹಿಡಿದುಕೊಂಡಿದ್ದನಂತೆ.

ಮಾರಿ ಸತ್ತಾಗ ಜಯಪ್ಪನವರೇ ಕೋಲಿನಿಂದ ಜಾಗ ತೋರಿಸಿದ್ದರು. "ಅತ್ತಿ ಮರದ ಹತ್ರ ಹಾಕು. ಪಕ್ಕದ್ದು ನಿಂಗಿರ್ಲಿ. ನಾಳೆ ಕೆಲ್ಸಕ್ಕೆ ಬಾ." ಕೆಂಚನಿಗೆ ಕಲ್ಯಾಣ ಎಸ್ಟೇಟಿನಲ್ಲಿ ಸ್ವಂತದ್ದೆಂದು ಇದ್ದದ್ದು ಆ ಎರಡನೆಯ ವಾಕ್ಯ ಒಂದೇ. ಅದಕ್ಕೆ ಸಾಕ್ಷಿ ಲಿಂಗಿ. ಆಗ ಅವಳಿಗೆ ಹದಿನಾರು.

* * *

ಚಟ್ಟ ದಾರಿ ಹಿಡಿದು ಹೋಗಿ ಮಣ್ಣಿನ ದಿಬ್ಬದ ಹತ್ತಿರ ನಿಂತಿತು. ಕಂದಕದ ಆಚೆ ಕೀರ್ತಿಕುಮಾರ್, ಅವನ ಹಿಂದೆ ಬೆಳೆಗಾರರು. ಈಚೆ ಲೈನಿನವರು, ಅವರ ಹಿಂದೆ ಬಾವುಟಗಳು. ನಡುವೆ ನಿಲ್ಲಬೇಕಾಗಿದ್ದ ಇಬ್ಬರು ಕಾನ್‌ಸ್ಟೇಬಲ್‌ಗಳು ನಡುವೆ ಆರಡಿ ಆಳವಿದ್ದ ಕಾರಣ ಪಕ್ಕದಲ್ಲಿ ನಿಂತಿದ್ದರು. ಅತ್ತಿ ಮರ ಆಚೆ ದಡದಿಂದ ನಲವತ್ತು ಹೆಜ್ಜೆ.

"ಲಿಂಗಿ, ನಾನು ನಿಮ್ಗೆ ಏನು ಕಮ್ಮಿ ಮಾಡಿದೀನಿ?" ಕೀರ್ತಿಕುಮಾರ್ ದನಿ ಎತ್ತರಿಸಿದ. "ಗಾಡಿ ಕೊಡ್ತೀನಿ ಅಂದೆ. ಖರ್ಚು ಕೊಡ್ತೀನಿ ಅಂದೆ. ಇವರ ಮಾತು ಕೇಳಿ ಈ ಕಡೆ ದಾಟಿದ್ರೆ ಕೇಸಾಗುತ್ತೆ."

"ದೊಡ್ಡ ಸಾವ್ಕಾರ್ರು ಜಾಗ ತೋರ್ಸಿದ್ರು ಸಾರ್."

"ಅಪ್ಪ ಸತ್ತು ಎಂಟು ವರ್ಷ ಆಯ್ತು."

"ನಮ್ಮಪ್ಪ ಸತ್ತಿದ್ದು ನಿನ್ನೆ. ಅವನಿಗೆ ಗೊತ್ತಿಲ್ಲ, ಮಾತು ಬದಲಾಗಿದ್ದು."

ಆಚೆಯಿಂದ ಯಾರೋ, "ಎದುರು ಮಾತಾಡೋದು ಬೇರೆ ಕಲ್ತಿದಾವೆ," ಎಂದರು. ಈಚೆಯಿಂದ ಒಂದು ಕಲ್ಲು ಹಾರಿ ಜೀಪಿನ ಬಾನೆಟ್ಟಿಗೆ ಬಡಿಯಿತು. ಎರಡು ಕೋವಿಗಳು ಹೆಗಲಿಂದ ಕೈಗೆ ಬಂದವು.

"ದಾಟಿ," ಎಂದ ಅಶ್ವಥ್ ಲಿಂಗಿಯ ಕಿವಿಯ ಬಳಿ. "ಹೊಡೆದ್ರೆ ಹೊಡೀಲಿ. ಟಿವಿಯವರು ಕುಶಾಲನಗರ ದಾಟಿದಾರೆ, ಇನ್ನೇನು ಬರ್ತಾರೆ. ಇವತ್ತು ಏನಾದ್ರೂ ಆದ್ರೆ ರಾಜ್ಯವೇ ಎದ್ದು ಕೂರುತ್ತೆ."

"ನೀವು ಮುಂದೆ ಹೋಗಿ, ನಾವು ಬರ್ತೀವಿ."

ಅಶ್ವಥ್ ಬಾವುಟವನ್ನು ಎಡಗೈಯಿಂದ ಬಲಗೈಗೆ ಬದಲಿಸಿದ. ಅಷ್ಟೇ ಆಯಿತು.

ಲಿಂಗಿ ಆಚೆ ನೋಡಿದಳು, ಈಚೆ ನೋಡಿದಳು. ನಲವತ್ತು ಹೆಜ್ಜೆ ಇವತ್ತು ಆಗುವುದಿಲ್ಲ ಎಂದು ಅವಳಿಗೆ ತಿಳಿಯಿತು. ಪಿಕಪ್ಪಿನಲ್ಲಿ ಹೋದರೆ ಅಪ್ಪ ಎಸ್ಟೇಟಿನವನಲ್ಲ ಎಂದಾಗುತ್ತದೆ. ರಸ್ತೆಗೆ ಹೋದರೆ ತನ್ನವನೂ ಅಲ್ಲ ಎಂದಾಗುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿಬ್ಬ ಹತ್ತಿ, ಕುಳಿತುಕೊಂಡು ಜಾರಿ ಕಂದಕದೊಳಗೆ ಇಳಿದಳು. ಮೇಲಿದ್ದವರಿಗೆ ಅವಳ ನೆತ್ತಿಯಷ್ಟೇ ಕಾಣುತ್ತಿತ್ತು.

"ಇಳಿಸಿ," ಎಂದಳು.

ಬೊಳ್ಳಮ್ಮ ಅಂಚಿಗೆ ಬಂದು ಸೂರ್ಯನನ್ನೂ ಕಂದಕವನ್ನೂ ಒಂದಾದ ಮೇಲೊಂದು ನೋಡಿದಳು. "ತೆಂಕಲು ಬಡಗಲಾಗೇ ತೋಡಿದಾರೆ. ತಲೆ ಬಂಡೆ ಕಡೆ ಬರ್ಲಿ," ಎಂದಳು.

"ಏಯ್, ಏನ್ಮಾಡ್ತಿದೀರಿ? ಅದು ಕಂದಕ ಕಣ್ರೋ," ಎಂದ ಕೀರ್ತಿಕುಮಾರ್.

ಕೆಲಸ ಗೊತ್ತಿದ್ದ ಜನ. ಹಗ್ಗ ಕಟ್ಟಿ ಇಳಿಸುವುದಕ್ಕೆ ಎರಡು ನಿಮಿಷ ಸಾಕಾಯಿತು. ಕಾನ್‌ಸ್ಟೇಬಲ್ ಫೋನಿನಲ್ಲಿ ಮೇಲಿನವರಿಗೆ ವರದಿ ಕೊಡುತ್ತಿದ್ದ. "ಇಲ್ಲ ಸಾರ್, ಆಚೆ ದಾಟಿಲ್ಲ... ಈಚೇನೂ ಇಲ್ಲ ಸಾರ್... ಮಧ್ಯದಲ್ಲಿದಾರೆ ಸಾರ್."

"ಅವರು ಮಣ್ಣು ತಳ್ಳದ ಹಾಗೆ ಮಿಷನ್ ಅಡ್ಡ ಹಾಕು," ಎಂದು ಕೀರ್ತಿಕುಮಾರ್ ಜೆಸಿಬಿಯವನಿಗೆ ಕೂಗಿದ. ಅನಿಲ್‌ಕುಮಾರ್ ಎಂಜಿನ್ ಆರಿಸಿ, ಕೆಳಗಿಳಿದು, ಯಂತ್ರಕ್ಕೆ ಬೆನ್ನು ಹಾಕಿ ನಿಂತ. ಲಿಂಗಿಯನ್ನು ಕೈ ಹಿಡಿದು ಮೇಲೆತ್ತಿದರು. ಹನ್ನೆರಡು ಮನೆಗಳ ಗುದ್ದಲಿಗಳು ದಿಬ್ಬಕ್ಕೆ ಬಿದ್ದವು. ಕೋವಿ ಹಿಡಿದವರು ಯಾವಾಗ ಗುರಿ ಇಡಬೇಕೆಂದು ಒಬ್ಬರನ್ನೊಬ್ಬರು ನೋಡಿಕೊಂಡರು, ಯಾರೂ ದಾಟುತ್ತಿರಲಿಲ್ಲ. ದಾರಿಯ ಅಗಲದಷ್ಟು ಜಾಗ ತುಂಬಿ, ತುಳಿದು ಗಟ್ಟಿ ಮಾಡದೆ, ಮೇಲೆ ಎರಡು ಕಲ್ಲು ಇಟ್ಟು, ಹೆಂಗಸರು ಈಚೆ ಅಂಚಿನ ಮಣ್ಣಿನ ಮೇಲೆ ಕುಳಿತರು.

ಅಶ್ವಥ್‌ನ ಜನ ಐಸ್ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಟಿವಿಯವರಿಗೆ ದಾರಿಯಲ್ಲಿ ಬೇರೆ ಸುದ್ದಿ ಸಿಕ್ಕಿತ್ತು. ಕಕ್ಕಬೆಯ ಹೋಂಸ್ಟೇ ಒಂದರಲ್ಲಿ ಈಜುಕೊಳ ತೋಡುವ ಕೆಲಸವಿದೆಯೆಂದು ಜೆಸಿಬಿಯೂ ಹೋಯಿತು.

ಮೂರು ಗಂಟೆಗೆ ಬೆಳೆಗಾರರಿಗೆ ಹಸಿವಾಯಿತು. ಎಸ್ಟೇಟಿಗೆ ಇದ್ದದ್ದು ಅದೊಂದೇ ದಾರಿ. ಜೀಪುಗಳು ಸಾಲಾಗಿ ಬಂಗಲೆಯಿಂದ ಇಳಿದವು, ಮುಂದಿನದು ಕೀರ್ತಿಕುಮಾರನದು. ಮುನ್ನೂರು ಅಡಿಯಲ್ಲಿ ಮಟ್ಟವಾಗಿದ್ದದ್ದು ಒಂದೇ ಕಡೆ. ಅವನು ಬ್ರೇಕು ಒತ್ತಿದ.

"ಹೋಗು ಕೀರ್ತಿ, ಮಣ್ಣು ತುಂಬಿದಾರಲ್ಲ, ಗಟ್ಟಿ ಇದೆ," ಎಂದರು ಹಿಂದಿನ ಜೀಪಿನ ಹಿರಿಯರು ತಲೆ ಹೊರಗೆ ಹಾಕಿ.

"ನೀವು ಮುಂದೆ ಹೋಗ್ತೀರಾ ಮಾವ?"

"ಜಾಗ ನಿಂದು. ನೀನೇ ಮೊದಲು."

ಆಚೆ ಲಿಂಗಿ ಮೊಣಕಾಲು ಮಡಚಿ ಕುಳಿತಿದ್ದಳು. ಉಗುರಿನ ಮಣ್ಣನ್ನು ಇನ್ನೊಂದು ಉಗುರಿನಿಂದ ತೆಗೆಯುತ್ತಿದ್ದವಳು ತಲೆ ಎತ್ತಲಿಲ್ಲ. ಕೀರ್ತಿಕುಮಾರ್ ಗೇರು ಹಾಕಿದ. ಜೀಪು ಒಂದು ಗೇಣು ಮುಂದೆ ಸರಿದು, ಮುಂದಿನ ಚಕ್ರ ಹಸಿಮಣ್ಣಿನ ಅಂಚಿಗೆ ತಾಗಿ ನಿಂತಿತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಆಮೇಲೆ ಅದರ ಹಿಂದಿನವರೂ ಹೊಡೆದರು.